ಅಭ್ರಕದ ಮೇಲೆ ಅಲೆ

ಹುಟ್ಟುವಾಗಲೇ ಅವಳಿಗೆ ಅವಸರವಿತ್ತು. ನರ್ಸು ಒಂದು ಕೈಗೆ ಗವಸು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿರುವಾಗಲೇ ಹೊರಗೆ ಬಂದು, ಇಷ್ಟು ತಡವೇ ಎಂಬಂತೆ ಕಿರುಚಿದಳಂತೆ. ತೊಟ್ಟಿಲು ತೂಗುವ ಕೆಲಸ ಮನೆಯವರ ಪಾಲಿಗೆ ಬರಲೇ ಇಲ್ಲ. ಒಳಗಿದ್ದವಳೇ ತೂಗಿಕೊಳ್ಳುತ್ತಿದ್ದಳು. ಬೆಳಿಗ್ಗೆ ಕಿಟಕಿಯ ಪಕ್ಕ ಇಟ್ಟ ತೊಟ್ಟಿಲು ಮಧ್ಯಾಹ್ನಕ್ಕೆ ಅಡುಗೆಮನೆಯ ಬಾಗಿಲಲ್ಲಿ, ಸಂಜೆಗೆ ಬೀದಿಬಾಗಿಲಲ್ಲಿ. ಅಲ್ಲಿಂದಾಚೆ ಹೋಗದಿರಲಿ ಎಂದು ಅಜ್ಜಿ ಹೊಸ್ತಿಲಿಗೆ ಅಡ್ಡವಾಗಿ ಟ್ರಂಕು ಇಟ್ಟಿದ್ದಳು. ಪಾದರಸ ಎಂದು ಹೆಸರಿಟ್ಟವಳೂ ಆ ಅಜ್ಜಿಯೇ. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು ನಿಜ. ಆದರೆ ಮೇಷ್ಟರು ಅದನ್ನು ಕೂಗಿ ಮುಗಿಸುವಷ್ಟರಲ್ಲಿ ಅವಳು ಬೆಂಚಿನಲ್ಲಿ ಇರುತ್ತಿರಲಿಲ್ಲವಾದ್ದರಿಂದ ಆ ಹೆಸರು ಬಳಕೆಯಿಲ್ಲದೆ ತುಕ್ಕು ಹಿಡಿಯಿತು.

ಕೂರುವುದು ಅನಿವಾರ್ಯವಾದರೆ ಬಲಗಾಲಿನ ಹಿಮ್ಮಡಿ ಎತ್ತಿ ಮಂಡಿ ಕುಣಿಸುವುದು ಅವಳ ಪದ್ಧತಿ. ಊಟದ ಮೇಜಿನ ಮೇಲಿನ ಲೋಟಗಳು ಒಂದೊಂದೇ ಅಂಚಿಗೆ ನಡೆದು ಬಂದು ಅಜ್ಜಿಯ ಮಡಿಲಿಗೆ ಹಾರಿಕೊಳ್ಳುತ್ತಿದ್ದವು. ಕಾಲಲ್ಲಾಡಿಸುವವರ ಮನೆಯಲ್ಲಿ ಸಿರಿ ನಿಲ್ಲುವುದಿಲ್ಲ ಎಂದು ಅಜ್ಜಿ ಗದರಿದರೆ, ಬಂದಿದ್ದರೆ ತಾನೇ ನಿಲ್ಲುವುದು ಎಂದು ಅವಳ ತಾಯಿ ಒಳಗಿನಿಂದ ಉತ್ತರ ಕೊಡುತ್ತಿದ್ದಳು.

ತಾಯಿಗೆ ಹೆಂಗಸರ ಕೂದಲು ಕತ್ತರಿಸುವ ಅಂಗಡಿಯಿತ್ತು. ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಬಾಯಿಗೆ ಬೀಗವಿಲ್ಲದ ಒಡತಿ. ಊರಿನ ತಲೆಗಳೆಲ್ಲ ಅವಳ ಕೈಯಲ್ಲಿ ಸುಮ್ಮನೆ ಕೂತರೂ ಮಗಳ ತಲೆ ಮಾತ್ರ ಒಂದೇ ಸಲಕ್ಕೆ ಮುಗಿದದ್ದಿಲ್ಲ. ಈ ವಾರ ಎಡಭಾಗ, ಮುಂದಿನ ವಾರ ಬಲಭಾಗ. ಅದೇ ಈಗಿನ ಫ್ಯಾಷನ್ನು ಎಂದು ನಂಬಿಸಿ ಇಬ್ಬರು ಗಿರಾಕಿಗಳಿಗೂ ಹಾಗೆಯೇ ಕತ್ತರಿಸಿ ಕಳಿಸಿದ್ದಳು.

ಇಂಥ ಹುಡುಗಿ ಹಿಡಿದ ಕೆಲಸ ಮುಗಿಸಿದಳೆಂಬ ಸುದ್ದಿ ಯಾರ ಕಿವಿಗೂ ಬಿದ್ದಿರಲಿಲ್ಲ. ಹಾಡು ಕಲಿಯಲು ಸೇರಿ ಮೊದಲ ಪಾಠದ ನಡುವೆಯೇ ಎದ್ದು ಬಂದಳು. ಈಜು ಕಲಿಯಲು ಹೋದವಳು ಕೊಳದ ಅರ್ಧಕ್ಕೆ ಬೇಸರ ಬಂತೆಂದು ಅಲ್ಲೇ ನಿಂತುಬಿಟ್ಟಳಂತೆ. ಅಲ್ಲಿ ಕಾಲಿಗೆ ನೆಲ ಸಿಗುವುದಿಲ್ಲ, ಆದರೂ ನಿಂತಳು. ಬೇಸರದ ಬಲ ಅಂಥದ್ದು.

ಕಾಲೇಜಿನ ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ಅವಳಿಗೆ ವಿಶ್ವವಿದ್ಯಾಲಯದ ಒಂದು ಪ್ರಯೋಗಶಾಲೆಯಲ್ಲಿ ಕೆಲಸ ಕಲಿಯುವ ಅವಕಾಶ ಸಿಕ್ಕಿತು. ಅಲ್ಲಿಯದು ಡಿಎನ್‌ಎ ನ್ಯಾನೊ ತಂತ್ರಜ್ಞಾನ. ನಮ್ಮ ನಿಮ್ಮೆಲ್ಲರ ಜೀವಕೋಶದೊಳಗಿನ ದಾರವನ್ನು ಬರೆಹವಾಗಿ ಓದದೆ, ಕಾಗದದಂತೆ ಮಡಚಿ ಆಕಾರ ಮಾಡುವ ವಿದ್ಯೆ. ಹೀಗೆಂದು ಮನೆಯಲ್ಲಿ ವಿವರಿಸಿದಾಗ ಅಜ್ಜಿ, "ಒಗೆದ ಬಟ್ಟೆ ಮಡಚು ಅಂದ್ರೆ ಮಡಚದೋಳು, ಕಣ್ಣಿಗೆ ಕಾಣದ್ದನ್ನ ಮಡಚೋಕೆ ಹೊರಟಳು" ಎಂದಳು.

ಕೆಲಸ ಹೀಗಿತ್ತು. ಒಂದು ನಿರುಪದ್ರವಿ ವೈರಸ್ಸಿನಿಂದ ತೆಗೆದ ಒಂದೇ ಒಂದು ಉದ್ದನೆಯ ಎಳೆ. ಅದನ್ನು ಅಲ್ಲಲ್ಲಿ ಹಿಡಿದು ಮಡಚುವುದಕ್ಕೆ ಇನ್ನೂರಕ್ಕೂ ಹೆಚ್ಚು ಗಿಡ್ಡ ಎಳೆಗಳು. ಅವನ್ನು ಅಲ್ಲಿಯವರು ಪಿನ್ನುಗಳು ಎನ್ನುತ್ತಿದ್ದರು. ಎಲ್ಲವನ್ನೂ ಹನಿ ಉಪ್ಪುನೀರಿನಲ್ಲಿ ಬೆರೆಸಿ, ಬೆರಳ ತುದಿಯಷ್ಟು ಕೊಳವೆಗೆ ಹಾಕಿ, ಯಂತ್ರದಲ್ಲಿಟ್ಟು ಕುದಿಯುವ ಹತ್ತಿರಕ್ಕೆ ಬಿಸಿ ಮಾಡಬೇಕು. ಆಮೇಲೆ ಬೆಳಗಿನಿಂದ ಸಂಜೆಯವರೆಗೆ ನಿಧಾನವಾಗಿ ಆರಲು ಬಿಡಬೇಕು. ಆರುತ್ತ ಆರುತ್ತ ಪ್ರತಿ ಪಿನ್ನೂ ತನ್ನ ಜಾಗ ಹುಡುಕಿ ಕಚ್ಚಿಕೊಂಡು ಉದ್ದನೆಯ ಎಳೆ ಮಡಚುತ್ತದೆ. ಕೊನೆಗೆ ಉಳಿಯುವುದು ಒಂದು ಮೂಲೆ ಕತ್ತರಿಸಿದ ಚೌಕದ ಹಾಳೆ. ಎಷ್ಟು ದೊಡ್ಡದು ಎಂದರೆ, ಒಂದು ಸೊಳ್ಳೆಯ ರೆಪ್ಪೆಯ ಮೇಲೆ ಅಂಥ ಹಾಳೆಗಳ ಗ್ರಂಥಾಲಯವನ್ನೇ ಜೋಡಿಸಿಟ್ಟರೂ ಸೊಳ್ಳೆ ಕಣ್ಣುಜ್ಜಿಕೊಳ್ಳುವುದಿಲ್ಲ. ಮುಂದೆ ಯಾವತ್ತೋ ಆ ಹಾಳೆಯ ಮೇಲೆ ಔಷಧಿಯ ಕಣ ಕೂರಿಸಿ ಬೇಕಾದಲ್ಲಿಗೆ ಕಳಿಸಬಹುದೆಂಬ ಆಸೆ ಅವರದು.

ಪಾದರಸಕ್ಕೆ ಇದು ಹಿಡಿಸಿದ ರೀತಿ ನೋಡಿ ಅವಳಿಗೇ ಗಾಬರಿ. ಆ ಹನಿಯೊಳಗೆ ಯಾವ ಎಳೆಯೂ ಒಂದು ಕ್ಷಣ ಸುಮ್ಮನಿರುವುದಿಲ್ಲ. ಓಡುತ್ತದೆ, ತಡವುತ್ತದೆ, ಡಿಕ್ಕಿ ಹೊಡೆಯುತ್ತದೆ, ತಪ್ಪು ಜೋಡಿ ಹಿಡಿದು ಬಿಡುತ್ತದೆ, ಮತ್ತೆ ಓಡುತ್ತದೆ. ಕಳೆದುಹೋದ ನೆಂಟರನ್ನು ಕಂಡ ಹಾಗಾಯಿತು ಅವಳಿಗೆ. ಬೇಸಿಗೆ ಮುಗಿದ ಮೇಲೂ ಇಲ್ಲಿರಬೇಕು ಎನಿಸಿತು. ಬಿಟ್ಟು ಹೋಗಬಾರದು ಎಂದು ಅವಳಿಗೆ ಅನಿಸಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಆದರೆ ಪ್ರಯೋಗಶಾಲೆಯ ಮುಖ್ಯಸ್ಥೆಯಾದ ಮೇಡಂ ಮೊದಲ ದಿನವೇ ಹೇಳಿಬಿಟ್ಟಿದ್ದರು: ಬೇಸಿಗೆಗೆ ಬಂದವರಲ್ಲಿ ಒಬ್ಬರಿಗೆ ಮಾತ್ರ ವರ್ಷವಿಡೀ ಜಾಗ, ಅದೂ ತೋರಿಸುವಂಥದ್ದು ಏನಾದರೂ ಮಾಡಿದವರಿಗೆ.

ಅವಳಿಗೆ ಕೆಲಸ ಕಲಿಸುವ ಹೊಣೆ ಬಿದ್ದದ್ದು ಐದು ವರ್ಷದಿಂದ ಅಲ್ಲೇ ಡಾಕ್ಟರೇಟಿಗೆ ದುಡಿಯುತ್ತಿದ್ದ ಒಬ್ಬ ಹಿರಿಯ ವಿದ್ಯಾರ್ಥಿಯ ಮೇಲೆ. ಎಲ್ಲರೂ ಅವನನ್ನು ಆಮೆ ಎನ್ನುತ್ತಿದ್ದರು, ಪಾದರಸ ಮಾತ್ರ ಅಣ್ಣ ಎನ್ನುತ್ತಿದ್ದಳು. ಅವನು ಬಾಗಿಲು ತಳ್ಳಿ ಒಳಗೆ ಬರುವಷ್ಟರಲ್ಲಿ ಮೂರು ಜನ ಅದೇ ಬಾಗಿಲಲ್ಲಿ ಬಂದು, ಕೆಲಸ ಮುಗಿಸಿ, ಅವನಿಗೆ ನಮಸ್ಕಾರ ಹೇಳಿ ಹೋಗಿರುತ್ತಿದ್ದರು. ಸೀನು ಬಂದರೂ ಮುಂದೂಡುವ ಮನುಷ್ಯ. ಬೆಳಿಗ್ಗೆ ಬಂದ ಸೀನನ್ನು ಊಟವಾದ ಮೇಲೆ ಸಾವಕಾಶವಾಗಿ ಸೀನಿದ್ದನ್ನು ಕಂಡವರಿದ್ದಾರೆ.

ನೋಡುವ ಯಂತ್ರ ನೆಲಮಾಳಿಗೆಯಲ್ಲಿತ್ತು. ನೋಡುವುದು ಎಂದರೆ ಕಣ್ಣಿನಿಂದಲ್ಲ. ಅಭ್ರಕವೆಂಬ ಪದರು ಪದರಾಗಿ ಏಳುವ ಕಲ್ಲಿನ ಬಿಲ್ಲೆಯ ಮೇಲ್ಪದರವನ್ನು ಅಂಟುಪಟ್ಟಿಯಿಂದ ಸುಲಿದರೆ ಅಡಿಯಲ್ಲಿ ಲೋಕದಲ್ಲೇ ಅತಿ ಸಪಾಟಾದ ನೆಲ ಸಿಗುತ್ತದೆ. ಅದರ ಮೇಲೆ ಹನಿ ಬಿಟ್ಟರೆ ಹಾಳೆಗಳು ತಳಕ್ಕೆ ಕೂರುತ್ತವೆ. ಒಂದು ಸೂಜಿ ಅವುಗಳನ್ನು ಕುರುಡರ ಬೆರಳಿನಂತೆ ಸಾಲು ಸಾಲಾಗಿ ಸವರುತ್ತ ಹೋಗುತ್ತದೆ, ಪರದೆಯ ಮೇಲೆ ಚಿತ್ರ ಗೆರೆಗೆರೆಯಾಗಿ ಇಳಿಯುತ್ತದೆ. ಬೀದಿಯಲ್ಲಿ ಲಾರಿ ಹೋದರೂ ಸೂಜಿಗೆ ಭೂಕಂಪ. ಆದ್ದರಿಂದ ಇಡೀ ಯಂತ್ರವನ್ನು ಭಾರಿ ಕಲ್ಲುಚಪ್ಪಡಿಯ ಮೇಲಿಟ್ಟು, ಚಪ್ಪಡಿಯನ್ನು ಕಬ್ಬಿಣದ ಚೌಕಟ್ಟಿನಿಂದ ರಬ್ಬರಿನ ಹಗ್ಗಗಳಲ್ಲಿ ತೂಗುಬಿಟ್ಟಿದ್ದರು.

ಮೊದಲ ಕೊಳವೆಯನ್ನೇ ಪಾದರಸ ತನ್ನ ರೀತಿಯಲ್ಲಿ ಮಾಡಿದಳು. ದಿನವಿಡೀ ಆರಬೇಕಾದದ್ದನ್ನು, ಯಾರು ಕಾಯುತ್ತಾರೆ ಎಂದು ಊಟದ ವಿರಾಮದಷ್ಟು ಹೊತ್ತಿನಲ್ಲಿ ಆರಿಸಿ ತೆಗೆದಳು. ಆಮೆ ತಲೆ ತಲೆ ಚಚ್ಚಿಕೊಂಡ, ಅದೂ ನಿಧಾನವಾಗಿ. ಇಷ್ಟಾಗಿಯೂ ಸೂಜಿ ಇಳಿಸಿ ನೋಡಿದರೆ ಹಾಳೆ ಇತ್ತು. ಹತ್ತಿರಕ್ಕೆ, ಪರದೆ ತುಂಬ ಆ ಒಂದು ಹಾಳೆಯೇ ಕಾಣುವಷ್ಟು ಹತ್ತಿರಕ್ಕೆ ಹೋದಾಗ ಅದರ ಮೇಲೆ ಅಲೆಗಳು ಕಂಡವು. ಒಂದಾದ ಮೇಲೊಂದು, ಯಾರೋ ಬಾಚಣಿಗೆ ಎಳೆದ ಹಾಗೆ.

ಆಮೆ ಕುರ್ಚಿ ಎಳೆದುಕೊಂಡು ಕೂತ. ಅವಳ ಇನ್ನೊಂದು ಕೊಳವೆ ನೋಡಿದರೂ ಅಲೆ. ತಾನು ದಿನವಿಡೀ ಆರಿಸಿದ್ದನ್ನು ಮರುದಿನ ಒಬ್ಬನೇ ಕೂತು ನೋಡಿದರೆ ಚಪ್ಪಟೆ. ಮತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೊಳವೆ ನೋಡಿದರೆ ಅಲೆ. ಇದಕ್ಕಿಂತ ಸಾಕ್ಷಿ ಬೇಕೇ? ಬೇಗ ಆರಿಸಿದರೆ ಹಾಳೆ ಹಿಂಡಿದ ಬಟ್ಟೆಯಂತೆ ಸುಕ್ಕಾಗುತ್ತದೆ, ಅಲೆಯ ತಗ್ಗುಗಳಲ್ಲಿ ಔಷಧಿಯ ಕಣಗಳನ್ನು ಸಾಲಾಗಿ ಕೂರಿಸಬಹುದು ಎಂದು ಅವನು ಸಿದ್ಧಾಂತ ಕಟ್ಟಿದ. ಐದು ವರ್ಷದಿಂದ ಒಂದು ಹೊಸ ಸಂಗತಿಗಾಗಿ ಬಾಯಿ ಬಿಟ್ಟುಕೊಂಡು ಕಾದವನು ಅವನು. ಹಸಿದವನ ಎಲೆಗೆ ಬಿದ್ದದ್ದನ್ನು ಅವನು ಮೂಸಿ ನೋಡುತ್ತಾನೆಯೇ? "ನಿನ್ನ ಕೈಗುಣ ತಾಯೀ" ಎಂದ.

ಸದಾ ಸಭೆಗಳಲ್ಲಿರುತ್ತಿದ್ದ ಮೇಡಂಗೆ ತಲುಪಿದ್ದು ಆಯ್ದು ಕತ್ತರಿಸಿದ ಚಿತ್ರಗಳು ಮಾತ್ರ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ತಿಂಗಳ ಕೊನೆಗೆ ದೊಡ್ಡ ವಿಜ್ಞಾನಿಗಳ ಮುಂದೆ ತಾವು ಮಾಡಲಿದ್ದ ಭಾಷಣಕ್ಕೆ ಅದನ್ನು ಸೇರಿಸಿದರು. ಪಾದರಸದ ಕಡೆ ತಿರುಗಿ, ಜಾಗದ ವಿಷಯ ಇನ್ನು ಮಾತಾಡುವುದೇನಿದೆ ಎಂದರು.

ಅಂದು ಸಂಜೆಯಿಂದ ತಾಯಿಯ ಅಂಗಡಿಯಲ್ಲಿ ಕೂತ ಯಾವ ತಲೆಯೂ ಈ ಸುದ್ದಿ ಕೇಳದೆ ಎದ್ದು ಹೋಗಲಿಲ್ಲ. ಕತ್ತರಿ ಕೂದಲಿನಲ್ಲಿರುವಾಗ ಗಿರಾಕಿ ಓಡುವ ಹಾಗಿಲ್ಲವಲ್ಲ. ಒಂದು ವಾರದಲ್ಲಿ ಕತೆ ಬೆಳೆದು, ಪಾದರಸ ಕಂಡುಹಿಡಿದ ಅಲೆಯಲ್ಲಿ ಹಡಗು ಬಿಡುವುದೊಂದು ಬಾಕಿ ಎನ್ನುವಲ್ಲಿಗೆ ಬಂತು.

ಅಷ್ಟರಲ್ಲಿ ಅವಳು ಬಸ್ಸಿಗೆ ಓಡುವ ಭರದಲ್ಲಿ ಬಲಗಾಲಿನ ಹೆಬ್ಬೆರಳನ್ನು ಮೆಟ್ಟಿಲಿಗೆ ಒದ್ದಳು. ಬೆರಳು ಬದನೆಕಾಯಿಯಾಯಿತು. ಬ್ಯಾಂಡೇಜು ಸುತ್ತಿ, ಕಾಲನ್ನು ಸ್ಟೂಲಿನ ಮೇಲೆ ಚಾಚಿಟ್ಟು, ಆಡಿಸದೆ ಕೂತು ಕೆಲಸ ಮಾಡಿದಳು. ಆ ದಿನದ ಚಿತ್ರಗಳಲ್ಲಿ ಅಲೆ ಇಲ್ಲ. ಮರುದಿನವೂ ಇಲ್ಲ. ಇನ್ನೂ ಬೇಗ ಆರಿಸಿದಳು, ಚಪ್ಪಟೆ. ಕೊಳವೆಯನ್ನು ಬಿಸಿಯಿಂದ ನೇರ ಐಸಿಗೆ ಅದ್ದಿದಳು, ಹಾಳೆ ಹರಿದು ಚಿಂದಿಯಾಯಿತೇ ಹೊರತು ಅಲೆ ಏಳಲಿಲ್ಲ. ಆಮೆ ಪಿನ್ನುಗಳನ್ನು ಬದಲಿಸಿದ, ಉಪ್ಪು ಬದಲಿಸಿದ, ಅವಳ ಕೈಗುಣ ಇಳಿದುಹೋಯಿತೆಂದು ಗೊಣಗಿದ. ಆ ವಾರದ ಚಿತ್ರಗಳನ್ನೆಲ್ಲ ಅವಳು ಕಂಪ್ಯೂಟರಿನಲ್ಲಿ "ಕೆಟ್ಟವು" ಎಂಬ ಮೂಲೆಗೆ ತಳ್ಳಿದಳು. ಊಟ ಸೇರಲಿಲ್ಲ. ಮನೆಯಲ್ಲಿ ಈ ಕೋಣೆಯಿಂದ ಆ ಕೋಣೆಗೆ ಕುಂಟುತ್ತ ಎಷ್ಟು ತಿರುಗಿದಳೆಂದರೆ ನೆಲದ ಹೊಳಪು ಹೋಗಿ ಕಾಲುದಾರಿ ಬಿತ್ತು.

ಬ್ಯಾಂಡೇಜು ಬಿಚ್ಚಿದ ದಿನ ಅಲೆ ಮರಳಿತು. ಅವಳು ಹಿಗ್ಗಿ ಹೀರೇಕಾಯಿಯಾದಳು. ಆದರೆ ಚಿತ್ರ ಅರ್ಧ ಇಳಿದಾಗ ವಾಸಿಯಾಗುತ್ತಿದ್ದ ಬೆರಳು ತುರಿಸಿತು. ಬಗ್ಗಿ ತುರಿಸಿಕೊಂಡಳು. ತಲೆಯೆತ್ತಿ ಪರದೆ ನೋಡಿದರೆ, ಮೇಲಿನ ಗೆರೆಗಳಲ್ಲಿ ಅಲೆ, ನಡುವೆ ಒಂದು ಪಟ್ಟಿ ಚಪ್ಪಟೆ, ಕೆಳಗೆ ಮತ್ತೆ ಅಲೆ ಶುರು.

ತುರಿಸಿಕೊಂಡಷ್ಟು ಹೊತ್ತೇ ಚಪ್ಪಟೆ.

ಅವಳು ಮೇಜಿನ ಕೆಳಗೆ ನೋಡಿದಳು. ಬಲಗಾಲು ಎಂದಿನಂತೆ ಯಂತ್ರದ ಕಬ್ಬಿಣದ ಚೌಕಟ್ಟಿನ ಕೆಳಪಟ್ಟಿಯ ಮೇಲಿತ್ತು, ಮಂಡಿ ತನ್ನಷ್ಟಕ್ಕೆ ಕುಣಿಯುತ್ತಿತ್ತು. ನೆಲದ ಅದುರನ್ನು ರಬ್ಬರಿನ ಹಗ್ಗ ನುಂಗಿಕೊಳ್ಳುತ್ತಿತ್ತು ಸರಿ, ಚೌಕಟ್ಟನ್ನೇ ಹಿಡಿದು ಅಲ್ಲಾಡಿಸಿದರೆ ಹಗ್ಗ ಪಾಪ ಏನು ಮಾಡೀತು? ಅವಳು ಎದ್ದು ಹೊಸ ಅಭ್ರಕ ಸುಲಿದು, ಅದರ ಮೇಲೆ ಏನೂ ಹಾಕದೆ, ಬರಿ ಬಿಲ್ಲೆಯನ್ನೇ ಸೂಜಿಯ ಕೆಳಗಿಟ್ಟಳು. ಕಾಲು ಪಟ್ಟಿಯ ಮೇಲಿಟ್ಟು ಕುಣಿಸಿದಳು. ಡಿಎನ್‌ಎಯ ಹೆಸರಿಲ್ಲದ ಬರಿಗಲ್ಲಿನ ಮೇಲೆ ಅಂದವಾದ ಅಲೆಗಳು ಎದ್ದವು.

ಆಮೆಗೆ ಹೇಳಿದಾಗ ಅವನು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, ಕಾಲೂ ಇರಬಹುದು, ಅಲೆಯೂ ಇರಬಹುದು, ಎರಡೂ ಒಟ್ಟಿಗೆ ಇರಬಾರದೆಂದು ಯಾರು ಹೇಳಿದರು ಎಂದ. ಅವಳು ಬ್ಯಾಂಡೇಜಿನ ವಾರ ನೆನಪಿಸಿದಳು. ಅವನ ಮುಖ ಇಳಿಯಿತು. ನಾಡಿದ್ದು ಮೇಡಂ ಭಾಷಣಕ್ಕೆ ಹೊರಡುತ್ತಾರೆ, ಹೋಗಿ ಬರಲಿ, ಆಮೇಲೆ ನಿಧಾನವಾಗಿ ನೋಡೋಣ ಎಂದ. ನಿನ್ನ ಜಾಗವೂ ಇದರಲ್ಲೇ ಇದೆ, ನನ್ನ ಐದು ವರ್ಷವೂ ಇದರಲ್ಲೇ ಇದೆ, ಒಂದು ವಾರ ಬಾಯಿ ಮುಚ್ಚಿಕೊಂಡಿರುವುದು ಅಷ್ಟು ಕಷ್ಟವೇ ಎಂದು ಕೇಳಿದ. ಪಾದರಸವನ್ನು ಕೇಳುವ ಪ್ರಶ್ನೆಯೇ ಅದು? ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅವಳಿಗೆ ಕೆಂಡ ನುಂಗಿದ ಹಾಗೆ.

ಸಂಜೆ ನೇರ ತಾಯಿಯ ಅಂಗಡಿಗೆ ಹೋದಳು. ತಾಯಿ ನೆಲದ ಕೂದಲು ಗುಡಿಸುತ್ತಿದ್ದಳು. ಮಗಳು ಕಾಲಿನಿಂದ ಕಲ್ಲಿನವರೆಗೆ ಎಲ್ಲ ಹೇಳಿದಳು. ಕಾಲು ಎಂದಾಗ ತಾಯಿಗೆ ನಗು ಬಂತು, ಮಗಳ ಮುಖ ನೋಡಿ ನುಂಗಿಕೊಂಡಳು.

"ಹೇಳಿದ್ರೆ ಏನಾಗುತ್ತೆ?"

"ಜಾಗ ಹೋಗುತ್ತೆ."

"ಹೇಳದೇ ಇದ್ರೆ?"

"ನಿದ್ದೆ ಹೋಗುತ್ತೆ."

"ನಿನಗೆ ನಿದ್ದೆ ಯಾವತ್ತು ಬಂದಿತ್ತು ಕಣೇ?" ತಾಯಿ ಪೊರಕೆ ಗೋಡೆಗೆ ಒರಗಿಸಿದಳು. "ನನ್ನ ಯೋಚನೆ ಬಿಡು. ಹೇಳಿಕೊಂಡು ತಿರುಗಿದ್ದು ನಾನು, ವಾಪಸು ತಗೊಳೋದೂ ನಾನೇ. ಹೇಗೂ ಮುಂದಿನ ತಿಂಗಳು ಅದೇ ತಲೆಗಳು ಮತ್ತೆ ಬರ್ತಾವೆ."

ಮರುದಿನ ಬೆಳಿಗ್ಗೆ ಮೇಡಂ ಕೋಣೆಯ ಬೀಗ ತೆಗೆಯುವ ಮೊದಲೇ ಪಾದರಸ ಬಾಗಿಲಲ್ಲಿದ್ದಳು. ಬೀಗದ ಕೈ ಹಾಕುವಷ್ಟರಲ್ಲಿ ಅರ್ಧ ಹೇಳಿದಳು, ಬಾಗಿಲು ತೆರೆಯುವಷ್ಟರಲ್ಲಿ ಉಳಿದರ್ಧ. ಮೇಡಂ ಚೀಲವನ್ನು ಇಳಿಸದೆ ಹಾಗೆಯೇ ನೆಲಮಾಳಿಗೆಗೆ ನಡೆದರು. ಬರಿ ಅಭ್ರಕ ಇಡಿಸಿದರು. ಅವಳನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂತು, ತಮ್ಮ ಚಪ್ಪಲಿ ಕಳಚಿ, ಪಾದವನ್ನು ಕಬ್ಬಿಣದ ಪಟ್ಟಿಯ ಮೇಲಿಟ್ಟು ಮಂಡಿ ಕುಣಿಸಿದರು. ಪರದೆಯ ಮೇಲೆ ಅಲೆಗಳು ಬಂದವು, ಅವರ ವಯಸ್ಸಿಗೆ ತಕ್ಕಂತೆ ಸ್ವಲ್ಪ ಅಗಲವಾಗಿ. ಗೋಡೆಗೆ ಒರಗಿ ನಿಂತಿದ್ದ ಆಮೆ ಇನ್ನಷ್ಟು ಗೋಡೆಯಾದ.

ಮೇಡಂ ಚಪ್ಪಲಿ ಹಾಕಿಕೊಂಡರು. "ಅಲೆ ನೋಡಿ ಜಾಗ ಕೊಡ್ತೀನಿ ಅಂದಿದ್ದೆ. ಅಲೆ ಇಲ್ಲ ಅಂದ ಮೇಲೆ ಜಾಗವೂ ಇಲ್ಲ."

"ಗೊತ್ತು ಮೇಡಂ."

ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಭಾಷಣದಿಂದ ಏನೇನು ತೆಗೆಯಬೇಕೆಂದು ನೋಡಲು ಬೇಸಿಗೆಯ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆರೆಸಿದರು. ಅಲೆಯವು ಮುಗಿದ ಮೇಲೆ, ಮೂಲೆಯಲ್ಲಿರುವ ಅವು ಯಾವುವು ಎಂದು ಕೇಳಿದರು. ಅಲೆ ಬಾರದ ಕೆಟ್ಟವು ಎಂದಳು ಪಾದರಸ. ತೆರೆ ಎಂದರು. ಬ್ಯಾಂಡೇಜಿನ ವಾರದ ಹಾಳೆಗಳು ಬಂದವು. ಐಸಿಗೆ ಅದ್ದಿದ ಚಿಂದಿಗಳನ್ನು ಬಿಟ್ಟರೆ ಉಳಿದವು ಸಪಾಟಾಗಿ, ಅಂಚು ನೇರವಾಗಿ, ಕತ್ತರಿಸಿದ ಮೂಲೆ ಸಮೇತ ಕೂತಿದ್ದವು.

ಮೇಡಂ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. "ಇವನ್ನ ಎಷ್ಟು ಹೊತ್ತು ಆರಿಸಿದ್ದು?"

"ಊಟಕ್ಕೆ ಹೋಗಿ ಬರುವಷ್ಟು."

"ಇದು ಕೆಟ್ಟದ್ದು ಅಂತ ಯಾರು ಹೇಳಿದ್ದು?"

ಪಾದರಸ ಆಮೆಯ ಕಡೆ ನೋಡಿದಳು, ಆಮೆ ನೆಲದ ಕಡೆ ನೋಡಿದ. ಅಲೆ ಹುಡುಕುವ ಭರದಲ್ಲಿ ಇಬ್ಬರೂ ಹಾಳೆಯನ್ನೇ ನೋಡಿರಲಿಲ್ಲ. ಊಟದ ಹೊತ್ತಿನಲ್ಲಿ ಹಾಳೆ ಸರಿಯಾಗಿ ಮಡಚಿಕೊಳ್ಳುವುದಾದರೆ ಇಡೀ ದಿನ ಕಾಯುವುದು ಏಕೆ? ಆದರೆ ಒಮ್ಮೆ ಕೈ ಸುಟ್ಟುಕೊಂಡ ಮೇಡಂ ಈ ಸಲ ಅಳೆದು ತೂಗಿ ಹೆಜ್ಜೆಯಿಟ್ಟರು. ಆಗಲೇ ತಯಾರಿದ್ದವುಗಳಲ್ಲಿ ನಿಧಾನ ಆರಿಸಿದವು ಕೆಲವು, ಬೇಗ ಆರಿಸಿದವು ಕೆಲವು, ಕೊಳವೆಗಳನ್ನು ತಾವೇ ಅದಲುಬದಲು ಮಾಡಿ ಗುರುತು ಮರೆಸಿ ಆಮೆಗೆ ಕೊಡುವುದಾಗಿ ಹೇಳಿದರು. ಅವನು ಒಂದೊಂದನ್ನೂ ನೋಡಿ ಯಾವುದು ಯಾವ ಬಗೆ ಎಂದು ಬೇರ್ಪಡಿಸಬೇಕು. ಐದು ವರ್ಷ ಹಾಳೆ ನೋಡಿದ ಕಣ್ಣಿಗೆ ವ್ಯತ್ಯಾಸ ಸಿಕ್ಕಿದರೆ ಪಾದರಸ ಮನೆಗೆ. ಸಿಗದಿದ್ದರೆ ಜಾಗ ಅವಳದು. ಅಷ್ಟು ಹೊತ್ತೂ ಅವಳು, ಅವಳ ಕಾಲು, ನೆಲಮಾಳಿಗೆಯ ಹತ್ತಿರ ಸುಳಿಯುವಂತಿಲ್ಲ.

ಆ ದಿನ ಅವಳು ನಡೆದ ನಡಿಗೆಯನ್ನು ನೇರ ಮಾಡಿದ್ದರೆ ಸಮುದ್ರ ಸಿಗುತ್ತಿತ್ತು. ಕಟ್ಟಡದ ಸುತ್ತ ತಿರುಗಿದಳು, ಅದುರು ಒಳಗೆ ಹೋದೀತೆಂದು ಹೆದರಿ ಬೀದಿಯ ಆಚೆ ಬದಿಗೆ ದಾಟಿದಳು, ಅಲ್ಲೂ ಧೈರ್ಯ ಸಾಲದೆ ಮುಂದಿನ ಬೀದಿಗೆ ಹೋದಳು. ಹಿಂದೆ ಬಂದಳು. ಆಮೆ ಪ್ರಾಮಾಣಿಕ, ಆದರೆ ಅಲೆ ಹೋದ ಸಂಕಟ ಅವನಿಗೆ ಇನ್ನೂ ಆರಿರಲಿಲ್ಲ. ಬೇಗ ಆರಿಸಿದ ಹಾಳೆಯಲ್ಲಿ ಯಾವುದಾದರೂ ಅಂಚು ಸಡಿಲವಾಗಿದ್ದರೆ ಅವನ ಕಣ್ಣಿಗೆ ಬೀಳದೆ ಇರದು. ಒಂದು ಪಿನ್ನು ಜಾಗ ತಪ್ಪಿದ್ದರೂ ಮುಗಿಯಿತು. ಬಸ್‌ಸ್ಟಾಪಿನಲ್ಲಿ ನಿಂತವರು ಇವಳನ್ನು ಅದೆಷ್ಟು ಸಲ ನೋಡಿದರೆಂದರೆ, ಒಬ್ಬಾತ ಬಸ್ಸು ಯಾವಾಗ ಬರುತ್ತದೆಂದು ಇವಳನ್ನೇ ಕೇಳಿದ.

ಬಿಸಿಲು ಇಳಿಯುವ ಹೊತ್ತಿಗೆ ಆಮೆ ನೆಲಮಾಳಿಗೆಯ ಮೆಟ್ಟಿಲೇರಿ ಬಂದ. ಉದ್ದನೆಯ ಕಾರಿಡಾರಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಆಗಷ್ಟೇ ಒಳಗೆ ಬಂದ ಅವಳು. ಓಡಿ ಹೋಗಿ ಕೇಳದೆ ಅವಳು ಕಿಟಕಿಯ ಸರಳು ಹಿಡಿದು ನಿಂತಳು. ಅವನು ನಡೆದ, ನಡೆದ. ಅಷ್ಟರಲ್ಲಿ ಹೊರಗಿನ ಮರಗಳು ಒಂದು ಸಲ ಎಲೆ ಉದುರಿಸಿ ಚಿಗುರಿದವು. ಹತ್ತಿರ ಬಂದವನು ಗೋಡೆಬದಿಯ ಬೆಂಚಿನ ಮೇಲೆ ಕೂತು ಕಣ್ಣುಜ್ಜಿಕೊಂಡ.

"ಯಾವುದು ಯಾವುದು ಅಂತ ನನಗೆ ಗೊತ್ತಾಗಲಿಲ್ಲ" ಎಂದ. "ಮೂರು ಸಲ ನೋಡಿದೆ."

ಅವಳು ಬೆಂಚಿನ ಅಂಚು ಹಿಡಿದು ಬಗ್ಗಿ ಅವನ ಮುಖ ನೋಡಿದಳು.

"ಐದು ವರ್ಷದಿಂದ ಪ್ರತಿಯೊಂದನ್ನೂ ದಿನವಿಡೀ ಆರಿಸ್ತಾ ಕೂತಿದ್ದೆನಲ್ಲ ತಾಯೀ. ಒಂದು ಸಲ ಅವಸರ ಮಾಡಿ ನೋಡೋಣ ಅಂತ ಅನಿಸಲೇ ಇಲ್ಲ."

ಮೇಡಂ ಕೋಣೆ ಕಾರಿಡಾರಿನ ಇನ್ನೊಂದು ಕೊನೆಯಲ್ಲಿತ್ತು, ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು. ಅವಳು ಓಡಿದ್ದರೆ ಉಸಿರು ಬಿಡುವಷ್ಟರಲ್ಲಿ ಅಲ್ಲಿರುತ್ತಿದ್ದಳು. ಓಡಲಿಲ್ಲ. "ನೋಡಿದ್ದು ನೀವು, ನೀವೇ ಹೇಳಿ ಅಣ್ಣ" ಎಂದಳು. ಆಮೆ ಮೊಣಕಾಲಿಗೆ ಕೈ ಊರಿ ಎದ್ದ. ಅವನು ಒಂದು ಹೆಜ್ಜೆ ಇಟ್ಟು ಇನ್ನೊಂದರ ಯೋಚನೆ ಮಾಡುತ್ತಿದ್ದರೆ, ಪಾದರಸ ಅವನ ಹಿಂದೆ, ಹಲ್ಲು ಕಚ್ಚಿಕೊಂಡು, ಅವನನ್ನು ಹಿಂದೆ ಹಾಕದೆ ನಡೆದಳು.